ಗಾಜಿನ ಪೆಟ್ಟಿಗೆಯೊಳಗಿನ ಸುಳ್ಳು ಕಡಲು

ಶಾಲೆಯ ಮಕ್ಕಳನ್ನು ಪಟ್ಟಣದ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯುತ್ತಾರಂತೆ ಎಂಬ ಸುದ್ದಿ ಬಂದರೆ ಸಾಕು, ಅರ್ನೋ ದ್ವೀಪದ ಮನೆಮನೆಯಲ್ಲೂ ಒಂದೇ ರಾಗ. ದೋಣಿ ಹೊಯ್ದಾಡುತ್ತದೆ. ಮಗುವಿಗೆ ವಾಂತಿಯಾಗುತ್ತದೆ. ಪಾಠ ಹಿಂದೆ ಬೀಳುತ್ತದೆ. ಅಲ್ಲಿ ನೋಡುವುದಕ್ಕಾದರೂ ಏನಿದೆ? ಹಳೇ ಚಾಪೆ, ಮುರುಕು ದೋಣಿ, ಒಣಗಿದ ಕಡ್ಡಿ!

ಅವತ್ತು ಲಿಬೊನ್ ಮನೆಯಲ್ಲೂ ಅದೇ ರಾಗ ಎದ್ದಿತ್ತು. ಅವಳು ಮನೆ ಮುಂದೆ ಕೂತು ದೀವಿಹಲಸಿನ ಸಿಪ್ಪೆ ಹೆರೆಯುತ್ತಿದ್ದಳು. ಮಗಳು ನೇವಾನ್ ಚೀಲವನ್ನೂ ಇಳಿಸದೆ ಓಡಿ ಬಂದಳು.

"ಅಮ್ಮಾ, ಶುಕ್ರವಾರ ನಮ್ಮ ಕ್ಲಾಸಿನೋರೆಲ್ಲ ಪಟ್ಟಣಕ್ಕೆ ಹೋಗ್ತಿದೀವಿ! ದೋಣೀಲಿ! ಮನೆಯಿಂದ ಹಿರಿಯೋರು ಒಬ್ರು ಬರ್ಬೇಕಂತೆ."

"ಹೋಗ್ತಿದೀವಿ ಅಂತೆ! ಕಳಿಸ್ತೀನಿ ಅಂದೋರು ಯಾರು?"

"ಟೀಚರು."

"ಹಾಗಾದ್ರೆ ಟೀಚರ್ ಮನೇಲೇ ಊಟ ಮಾಡು ಹೋಗು."

ನೇವಾನ್ ಮುಖ ಊದಿಸಿಕೊಂಡು ತಾತನ ಪಕ್ಕ ಹೋಗಿ ಕೂತಳು. ತಾತ ಲೊಕ್ರಾಪ್ ಕಂಬಕ್ಕೆ ಒರಗಿ ತೊಡೆಯ ಮೇಲೆ ತೆಂಗಿನ ನಾರು ಹೊಸೆಯುತ್ತಿದ್ದ. ಸಕ್ಕರೆ ಕಾಯಿಲೆಯಿಂದ ಅವನ ಒಂದು ಪಾದದ ಹುಣ್ಣು ಮಾಯುತ್ತಲೇ ಇರಲಿಲ್ಲ. ಅದಕ್ಕೆ ಸುತ್ತಿದ್ದ ಬಟ್ಟೆಯ ಮೇಲೆ ನೊಣ ಕೂರದ ಹಾಗೆ ಮೊಮ್ಮಗಳು ಕೈಯಾಡಿಸುತ್ತಿದ್ದಳು.

ಸಂಜೆ ಟೀಚರ್ ಹರ್ತೀನಾ ತಾನೇ ಬಂದಳು. ಇದೇ ಊರಿನವಳು, ಮೂರು ಮನೆಯಾಚೆ ಇರುವವಳು. ಬರುವಾಗಲೇ ನಗುತ್ತ ಬಂದಳು.

"ಲಿಬೊನಕ್ಕಾ, ನನ್ಮೇಲೆ ಕೋಪ ಅಂತೆ?"

"ಕೋಪ ಯಾಕಮ್ಮ ಟೀಚರಮ್ಮ, ನೀನು ದೊಡ್ಡೋಳು. ಪರೀಕ್ಷೆ ಹತ್ರ ಬಂತು, ನೀನು ನೋಡಿದ್ರೆ ಮಕ್ಕಳನ್ನ ಸವಾರಿ ಹೊರಡಿಸ್ತೀಯ. ಆ ಗಾಜಿನ ಪೆಟ್ಟಿಗೇಲಿ ಏನಿದೆ? ನಮ್ಮನೆ ಹಿತ್ತಲಲ್ಲಿ ಇಲ್ದಿರೋದು?"

"ಇದೆ ಅಕ್ಕ. ತಾತನ ಅಜ್ಜಿ ಕಟ್ಟಿದ ಕಡ್ಡಿಪಟ ಇದೆ."

ಕಡ್ಡಿಪಟವೆಂದರೆ ಲಿಬೊನ್‌ಗೆ ಗೊತ್ತಿಲ್ಲದ್ದೇನಲ್ಲ. ತೆಂಗಿನ ಕಡ್ಡಿಗಳನ್ನು ಬಾಗಿಸಿ, ಅಡ್ಡ ಉದ್ದ ಬಿಗಿದು, ಅಲ್ಲಲ್ಲಿ ಕವಡೆ ಕಟ್ಟಿದ ಕಡಲಿನ ನಕಾಶೆ. ಕಡ್ಡಿಗಳು ಅಲೆ, ಕವಡೆಗಳು ದ್ವೀಪ. ಹಿಂದೆ ಅದನ್ನು ಓದಬಲ್ಲವರು ದೋಣಿಯ ತಳದಲ್ಲಿ ಅಂಗಾತ ಮಲಗಿ, ಬೆನ್ನಿಗೆ ತಾಕುವ ಅಲೆಯಿಂದಲೇ ನೆಲ ಎಲ್ಲಿದೆ ಎಂದು ಹೇಳುತ್ತಿದ್ದರಂತೆ. ಅಲೆಯೊಂದೊಂದಕ್ಕೂ ಹೆಸರಿದ್ದ ಕಾಲ ಅದು. ಈಗ ಎಲ್ಲರಿಗೂ ಮೋಟಾರು ದೋಣಿ.

"ಪಠ್ಯಪುಸ್ತಕದಲ್ಲಿ ನಮ್ಮ ವಿಷಯ ಎಷ್ಟಿದೆ ಹೇಳು?" ಎಂದಳು ಹರ್ತೀನಾ. "ಯಾರೋ ಎಲ್ಲೋ ಮಾಡಿದ ಯುದ್ಧಕ್ಕೆ ಪುಟಗಟ್ಲೆ. ನಮಗೆ ಒಂದು ಮೂಲೆ. ಅದಕ್ಕೇ ಈ ಸಲ ನಾವೇ ಒಂದು ಪಾಠದ ಪೆಟ್ಟಿಗೆ ಮಾಡ್ತಿದೀವಿ. ಸಂಗ್ರಹಾಲಯದ ವಸ್ತುಗಳ ಚಿತ್ರ, ಅದರ ಹಾಗೇ ಮಾಡಿದ ಚಿಕ್ಕ ಮಾದರಿ, ಹಿರಿಯರ ದನಿ. ಮಕ್ಕಳು ವಸ್ತು ಮುಂದೆ ನಿಂತು ಪ್ರಶ್ನೆ ಕೇಳ್ತಾರೆ, ಹಿರಿಯರು ಅಲ್ಲೇ ಹೇಳ್ತಾರೆ. ಕಣ್ಣಿಂದ ನೋಡಿದ್ದು ಮಕ್ಕಳಿಗೆ ಮರೆಯೋಲ್ಲ ಅಕ್ಕ."

"ನೋಡಿದ್ದು ಹೊಟ್ಟೆಗಾಗುತ್ತಾ?"

"ನಾನು ಬರ್ತೀನಿ," ಎಂದ ಲೊಕ್ರಾಪ್.

ಇಬ್ಬರೂ ತಿರುಗಿ ನೋಡಿದರು. ಮುದುಕ ನಾರನ್ನು ಪಕ್ಕಕ್ಕಿಟ್ಟಿದ್ದ.

"ನಾನೇ ಬರ್ತೀನಿ ಹರ್ತೀನಾ. ಅಲ್ಲಿ ಒಂದು ತಪ್ಪು ಸರಿ ಮಾಡೋದಿದೆ. ನಮ್ಮ ದ್ವೀಪದ ದೊರೆ ಹತ್ರಾನೂ ಹೋಗಿ ಬಂದೆ."

"ಏನಂದೆ?" ಲಿಬೊನ್ ದನಿ ಏರಿತು. "ಈ ಕಾಲಿಟ್ಕೊಂಡು ದೊರೆ ಮನೆ ತನಕ ನಡ್ಕೊಂಡು ಹೋಗಿದ್ಯಾ? ಅದಕ್ಕೇ ಮೊನ್ನೆ ರಕ್ತ ಬಂದಿದ್ದು! ಅಪ್ಪಾ, ನಿಂಗೆ ಬುದ್ಧಿ ಇದೆಯಾ?"

"ಅಪ್ಪಣೆ ಕೇಳ್ಬೇಕಿತ್ತು ಮಗಾ..."

"ಅಪ್ಪಣೆಯಂತೆ! ದೋಣಿ ಒಂದ್ಸಲ ಎತ್ತಿ ಕುಕ್ಕಿದ್ರೆ ನಿನ್ನ ಕಾಲು ಏನಾಗುತ್ತೆ? ಸುಮ್ನೆ ಮಲಗು."

"ನಾವು ಹಿಡ್ಕೊಂಡು ಇಳಿಸ್ತೀವಿ ಅಕ್ಕ. ದಡದಲ್ಲಿ ಗಾಡಿ ನಿಲ್ಲಿಸಿರ್ತೀವಿ."

"ಬೇಡ ಅಂದ್ರೆ ಬೇಡ. ಕಾಲು ವಾಸಿಯಾಗ್ಲಿ, ಮುಂದಿನ ಸಲ ನೋಡೋಣ. ಆ ಕಡ್ಡಿ ಎಲ್ಲಿಗೆ ಓಡಿ ಹೋಗುತ್ತೆ?"

ಲೊಕ್ರಾಪ್ ಮತ್ತೆ ನಾರನ್ನು ಎತ್ತಿಕೊಂಡ. ಮಗಳ ಬಾಯಿ ಜೋರು, ಅನ್ನ ಹಾಕುವ ಕೈಯೂ ಅವಳದೇ. ಲಿಬೊನ್ ಅವನ ಮೇಲಿನ ಪ್ರೀತಿಯಿಂದಲೇ ಹಾಗೆ ಅಂದಿದ್ದಳು. ಆಮೇಲೆ ಅವಳನ್ನು ಸುಟ್ಟದ್ದು ಅದೇ.

ಶುಕ್ರವಾರ ದೋಣಿ ಹೊರಟಿತು. ಮಕ್ಕಳು ಹಾಡು ಹೇಳುತ್ತ, ಹವಳದ ದಿಣ್ಣೆ ಸುತ್ತುವರಿದ ಒಳಗಡಲನ್ನು ದಾಟಿದರು. ಆಚೆ ಮನೆಯ ಅಜ್ಜಿ ತನ್ನ ಮೊಮ್ಮಗನ ಜೊತೆ ಹೋದಳು, ತಲೆಗೆ ಹೂ ಮುಡಿದುಕೊಂಡು, ಮದುವೆಗೆ ಹೋಗುವ ಹಾಗೆ. ನೇವಾನ್ ದಡದಲ್ಲಿ ನಿಂತು ದೋಣಿ ಚುಕ್ಕಿಯಾಗುವವರೆಗೂ ನೋಡಿದಳು.

ಆ ತಿಂಗಳು ಮುಗಿದಿರಲಿಲ್ಲ. ಒಂದು ಬೆಳಿಗ್ಗೆ ಲೊಕ್ರಾಪ್ ಎಳನೀರಿಗೆ ಕೈ ಚಾಚಿದವನು ಹಾಗೇ ಒಂದು ಮಗ್ಗುಲಿಗೆ ಕುಸಿದ. ಊರಿನ ನರ್ಸು ಓಡಿ ಬಂದಳು. ಲಕ್ವ ಹೊಡೆದಿದೆ ಎಂದಳು. ಜೀವ ಉಳಿಯಿತು, ಬಲಗೈ ಹೋಯಿತು, ಮಾತು ಹೋಯಿತು. ಬಾಯಿಂದ ಬರುತ್ತಿದ್ದದ್ದು ಒಂದೇ ಸದ್ದು, ಬಂಡೆಯ ಸಂದಿಗೆ ನೀರು ನುಗ್ಗಿ ಹೊರಬರುವಂಥ ಸದ್ದು.

ಅಷ್ಟರಲ್ಲಿ ಶಾಲೆಯ ಪಾಠದ ಪೆಟ್ಟಿಗೆ ಸಿದ್ಧವಾಯಿತು. ಸಂಗ್ರಹಾಲಯಕ್ಕೆ ಹೋಗಲಾಗದ ಮಕ್ಕಳು ಅದನ್ನು ಸರದಿಯ ಮೇಲೆ ಮನೆಗೆ ತರಬಹುದಿತ್ತು. ನೇವಾನ್ ಸರದಿ ಬಂದ ದಿನ ಹರ್ತೀನಾಳೇ ಪೆಟ್ಟಿಗೆ ಹೊತ್ತು ತಂದಳು. ತಾತನಿಗೆ ಖುಷಿಯಾಗಲಿ ಎಂದು.

ಮೊದಲು ಚಾಪೆಯ ಚಿತ್ರ ತೆಗೆದರು. ಗುಂಡಿ ಒತ್ತಿದರೆ ಆಚೆ ಮನೆಯ ಅಜ್ಜಿಯ ದನಿ. "ಕೇದಗೆ ಗರಿ ಹೀಗೆ ಸೀಳ್ಬೇಕು ಮಕ್ಳಾ, ಅಂಚಿನ ಈ ಕರೀ ಗೆರೆ ನಮ್ಮಮ್ಮನ ಮನೆಯೋರ್ದು, ಬೇರೆಯೋರು ಹಾಕಂಗಿಲ್ಲ..." ನಡುವೆ ಅಜ್ಜಿ ಕೆಮ್ಮಿದ್ದು, ಮಕ್ಕಳು ನಕ್ಕಿದ್ದು ಎಲ್ಲ ಕೇಳಿಸುತ್ತಿತ್ತು. ಲಿಬೊನ್ ಕೂಡ ನಕ್ಕಳು.

ಆಮೇಲೆ ಕಡ್ಡಿಪಟದ ಮಾದರಿ ಬಂತು. ಇದಕ್ಕೆ ದನಿ ಇರಲಿಲ್ಲ, ವಿವರಣೆಯ ಕಾರ್ಡು ಮಾತ್ರ. ನೇವಾನ್ ಪಟವನ್ನು ತಾತನ ಎದೆಯ ಮೇಲೆ ಮೆತ್ತಗೆ ಇಟ್ಟು, ಬೆರಳಿಟ್ಟು ಓದತೊಡಗಿದಳು.

"ಈ ಕವಡೆ ನಮ್ಮ ಅರ್ನೋ. ಈ ಬಾಗಿದ ಕಡ್ಡಿ ತೆಂಕಣದ ಅಲೆ. ಈ ಗಂಟು ಬಂದ ಕಡೆ ದೋಣಿ ವಾಪಸ್ ತಿರುಗ್ಬೇಕು..."

ಲೊಕ್ರಾಪನ ಗಂಟಲಿಂದ ಆ ಸದ್ದು ಹೊರಟಿತು. ಅವನು ತಲೆಯಾಡಿಸುತ್ತಿದ್ದ. ಅಲ್ಲ, ಅಲ್ಲ ಎಂದು. ಕಣ್ಣಿನ ಕೊನೆಯಿಂದ ನೀರು ಕಿವಿಗೆ ಹರಿಯುತ್ತಿತ್ತು.

"ತಾತಾ, ಏನಾಯ್ತು? ನೋವಾಯ್ತಾ?"

ಅವನು ಎಡಗೈ ಎತ್ತಿ ಪಟವನ್ನು ಹಿಡಿದ. ಅದನ್ನು ತಲೆಕೆಳಗು ಮಾಡಿದ. ಒಂದು ಕವಡೆಯನ್ನು ಜಗ್ಗಿ ಕಿತ್ತ. ಕಿತ್ತದ್ದನ್ನು ಎಲ್ಲಿಡಬೇಕೋ ಅಲ್ಲಿಡಲು ಬೆರಳು ಕೇಳಲಿಲ್ಲ. ಕವಡೆ ಚಾಪೆಯ ಮೇಲೆ ಉರುಳಿತು.

ಹರ್ತೀನಾ ಕಾರ್ಡನ್ನು ಮತ್ತೆ ಮತ್ತೆ ನೋಡಿದಳು. "ಇದು ತಪ್ಪಾಗಿರೋಕೆ ಹೇಗೆ ಸಾಧ್ಯ ಅಕ್ಕ? ಇದನ್ನ ಹೇಳಿದ್ದು ತಾತಾನೇ. ತುಂಬಾ ವರ್ಷದ ಹಿಂದೆ ಸಂಗ್ರಹಾಲಯದೋರು ಬಂದು ಕೇಳಿದ್ದಾಗ, ಇವರೇ ಹೇಳಿ ಬರೆಸಿದ್ದು."

ಆಗ ಲಿಬೊನ್‌ಗೆ ನೆನಪಾಯಿತು. ಅವಳಿನ್ನೂ ಚಿಕ್ಕವಳು. ಪಟ್ಟಣದಿಂದ ಯಾರೋ ಬಂದು, ಅಪ್ಪನ ಅಜ್ಜಿಯ ಪಟವನ್ನು ಕೇಳಿ ತೆಗೆದುಕೊಂಡು, ಅಪ್ಪ ಹೇಳಿದ್ದನ್ನೆಲ್ಲ ಬರೆದುಕೊಂಡು ಹೋಗಿದ್ದರು. ಅವರ ದೋಣಿ ಮರೆಯಾದ ಮೇಲೆ ಅಪ್ಪ ಚಿಕ್ಕಪ್ಪನ ಭುಜ ತಟ್ಟಿ ನಕ್ಕಿದ್ದ. "ಅವ್ರಿಗೆ ಬೇರೆ ಕಡಲು ಕೊಟ್ಟು ಕಳಿಸ್ದೆ ಕಣೋ!"

ಆ ನಗುವಿನಲ್ಲಿ ಕೆಟ್ಟತನವಿರಲಿಲ್ಲ. ಇಲ್ಲಿ ಅದೇ ರೂಢಿ. ಅಲೆ ಓದುವ ವಿದ್ಯೆ ತಾಯಿಯ ಕುಲದ ಸೊತ್ತು. ಹೊರಗಿನವರು ಕೇಳಿದರೆ ಇಲ್ಲ ಅನ್ನಬಾರದು, ನಿಜವನ್ನೂ ಕೊಡಬಾರದು. ಒಂದೆರಡು ಕವಡೆಯ ಜಾಗ ಬದಲಿಸಿ ಹೇಳಿದರೆ ಆಯಿತು. ನಿಜವಾದದ್ದು ಸೋದರಳಿಯನಿಗೋ ಸೋದರಸೊಸೆಗೋ ಹೋಗಬೇಕು, ಸ್ವಂತ ಮಗಳಿಗೂ ಅಲ್ಲ. ಮಗಳು ಅವಳ ತಾಯಿಯ ಕುಲದವಳು. ಆದರೆ ಲೊಕ್ರಾಪನ ಅಕ್ಕ ಮಕ್ಕಳಿಲ್ಲದೆ ತೀರಿಕೊಂಡಿದ್ದಳು. ಚಿಕ್ಕಪ್ಪನೂ ಹೋದ. ಉಳಿದದ್ದು ಇವನೊಬ್ಬ. ಕೊಡುವುದಕ್ಕೆ ಕೈ ತುಂಬ ಇತ್ತು, ಯಾರ ಕೈಗೂ ಕೊಡುವ ಹಾಗಿರಲಿಲ್ಲ.

"ಅದಕ್ಕೇ ದೊರೆ ಹತ್ರ ಹೋಗಿದ್ದು," ಎಂದಳು ಹರ್ತೀನಾ ಮೆಲ್ಲಗೆ, ಲಿಬೊನ್ ಇದನ್ನೆಲ್ಲ ಹೇಳಿದ ಮೇಲೆ. "ಶಾಲೆ ಮಕ್ಕಳಿಗೆಲ್ಲ ಹೇಳ್ತೀನಿ, ರೂಢಿ ಮುರೀತೀನಿ, ಅಪ್ಪಣೆ ಕೊಡಿ ಅಂತ. ದೊರೆ ಕೊಟ್ರಂತೆ ಅಕ್ಕ. ಸುಳ್ಳು ಬರೆಸಿದ ಪಟದ ಮುಂದೇನೇ ನಿಂತು ನಿಜ ಹೇಳ್ಬೇಕು ಅಂತ ಇವರ ಆಸೆ ಇತ್ತು ಅಂತ ಕಾಣುತ್ತೆ."

ಲಿಬೊನ್ ಉರುಳಿದ ಕವಡೆಯನ್ನು ಎತ್ತಿಕೊಂಡು ಅಪ್ಪನ ಪಕ್ಕ ಮಂಡಿಯೂರಿದಳು. ಒಂದು ಕಡ್ಡಿಯ ತುದಿಗೆ ಇಟ್ಟಳು.

"ಇಲ್ಲಿಯಾ ಅಪ್ಪಾ?"

ಅವನು ತಲೆಯಾಡಿಸಿದ. ಅಲ್ಲ.

"ಇಲ್ಲಿಯಾ? ಈ ಬಾಗಿರೋ ಕಡೆ?"

ಅಲ್ಲ.

"ಈ ಗಂಟಿನ ಮೇಲಾ? ಹೇಳು ಅಪ್ಪಾ, ಕಣ್ಣಾದ್ರೂ ಮಿಟುಕಿಸು. ಇಲ್ಲಿಯಾ?"

ಅಲ್ಲ, ಅಲ್ಲ. ಅವಳು ಇಡುತ್ತಲೇ ಹೋದಳು. ಬೆವರು ಇಳಿಯುತ್ತಿತ್ತು. ನೇವಾನ್ ಅಮ್ಮನ ಭುಜ ಹಿಡಿದು ಅಳುತ್ತಿದ್ದಳು. ಕೊನೆಗೆ ಒಂದು ಕಡೆ ಇಟ್ಟಾಗ ಮುದುಕನ ತಲೆ ಅಲ್ಲಾಡುವುದು ನಿಂತಿತು. ಅದೇ ಸರಿಯಾದ ಜಾಗವೋ, ಅವನಿಗೆ ದಣಿವಾಗಿತ್ತೋ, ಲಿಬೊನ್‌ಗೆ ತಿಳಿಯಲಿಲ್ಲ. ಅವನು ಕಣ್ಣು ಮುಚ್ಚಿದ್ದ.

ಮರುದಿನವೂ ಪ್ರಯತ್ನಿಸಿದಳು. ಅವನು ಪಟವನ್ನು ನೋಡಲೂ ಇಲ್ಲ, ಗೋಡೆಯ ಕಡೆಗೆ ಮುಖ ಮಾಡಿಕೊಂಡ. ಕೆಲವು ವಾರ ಹಾಗೇ ಇದ್ದು, ಒಂದು ಭಾನುವಾರ ಎಲ್ಲರೂ ಚರ್ಚಿನಿಂದ ಬರುವಷ್ಟರಲ್ಲಿ ಲೊಕ್ರಾಪ್ ತೀರಿಕೊಂಡಿದ್ದ. ಊರಿನವರು ಹಾಡಿದರು, ಬಿಳಿ ಹರಳುಗಲ್ಲು ತಂದು ಗೋರಿಯ ಮೇಲೆ ಹರಡಿದರು. ದೊರೆಯೂ ಬಂದ. ಗೋರಿಯ ಹತ್ತಿರ ಲಿಬೊನ್‌ಳನ್ನು ಕೇಳಿದ:

"ಹೇಳಿ ಹೋದನಾ?"

"ಇಲ್ಲ," ಎಂದಳು ಲಿಬೊನ್. "ನಾನು ಬಿಡ್ಲಿಲ್ಲ."

ದೊರೆ ಬಾಗಿ ಒಂದು ಹರಳುಗಲ್ಲನ್ನು ಗೋರಿಯ ಮೇಲಿಟ್ಟು ಹೊರಟ. ಬೈದಿದ್ದರೂ ಆಗುತ್ತಿತ್ತು ಅನ್ನಿಸಿತು ಅವಳಿಗೆ.

ಮತ್ತೆ ಶಾಲೆಯ ಮಕ್ಕಳು ಪಟ್ಟಣಕ್ಕೆ ಹೊರಟಾಗ ದೋಣಿಯಲ್ಲಿ ಮೊದಲು ಕೂತವಳು ಲಿಬೊನ್. ಈಗ ಅವಳಿಗೆ ಯಾರೂ ಬಾ ಅನ್ನಬೇಕಾಗಿರಲಿಲ್ಲ. ಪಕ್ಕದಲ್ಲಿ ನೇವಾನ್. ದೋಣಿ ಹೊರಗಡಲಿಗೆ ಬಂದು ಹೊಯ್ದಾಡಿದಾಗ ನೇವಾನ್ ಹಲಗೆಯ ಮೇಲೆ ಬೆನ್ನು ಚಾಚಿ ಮಲಗಿದಳು.

"ಏನ್ ಮಾಡ್ತಿದೀಯೇ?"

"ಅಲೆ ಏನಾದ್ರೂ ಹೇಳುತ್ತಾ ಅಂತ."

"ಹೇಳ್ತಾ?"

"ಬೆನ್ನಿಗೆ ಕುಕ್ಕುತ್ತೆ ಅಷ್ಟೇ. ಯಾವುದು ಯಾವ ಅಲೆ ಅಂತ ಗೊತ್ತಾಗಲ್ಲಮ್ಮ."

ಗಾಜಿನ ಪೆಟ್ಟಿಗೆಯೊಳಗೆ ಪಟ ಅಂದವಾಗಿ ಕೂತಿತ್ತು. ಕಡ್ಡಿಗಳು ಹೊಗೆಯ ಬಣ್ಣಕ್ಕೆ ತಿರುಗಿದ್ದವು. ಗಂಟುಗಳು ಇನ್ನೂ ಬಿಗಿ. ಹರ್ತೀನಾಳ ಮಾತು ಕೇಳಿ ಹಳೆಯ ವಿವರಣೆಯನ್ನು ತೆಗೆದಿದ್ದರು. ಅದರ ಜಾಗದಲ್ಲಿ ಏನು ಬರೆಯೋಣ ಎಂದು ಅಲ್ಲಿ ಕೆಲಸ ಮಾಡುವ ಹುಡುಗಿ ಲಿಬೊನ್‌ಳನ್ನೇ ಕೇಳಿದಳು.

"ಗೊತ್ತಿದ್ದವರು ಇದ್ರು ಅಂತ ಬರೀರಿ. ನಾವು ಕೇಳ್ಲಿಲ್ಲ ಅಂತಾನೂ ಬರೀರಿ."

ಮಕ್ಕಳು ಪಟದ ಸುತ್ತ ನಿಂತರು. ಒಬ್ಬಳು ಕೈಯೆತ್ತಿ, ಈ ಕವಡೆ ಯಾವ ದ್ವೀಪ ಟೀಚರ್ ಎಂದಳು. ಹರ್ತೀನಾ ಲಿಬೊನ್ ಕಡೆ ನೋಡಿದಳು. ಲಿಬೊನ್ ನೆಲ ನೋಡಿದಳು. ಮಕ್ಕಳು ಸ್ವಲ್ಪ ಹೊತ್ತು ಕಾದು, ಪಕ್ಕದ ಪೆಟ್ಟಿಗೆಗೆ ಹೋದರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಲಿಬೊನ್ ಈಗ ಊರಿನ ಮನೆಮನೆಗೂ ಹೋಗಿ ಮಕ್ಕಳನ್ನು ಕಳಿಸಿ ಎಂದು ಹೇಳುತ್ತಾಳೆ. ಅವಳ ಮಾತಿಗೆ ಎದುರಾಡುವವರಿಲ್ಲ. ಆದರೆ ಅದರಿಂದ ಲೊಕ್ರಾಪನ ಕಡಲು ಮರಳಿ ಬರುವುದಿಲ್ಲ. ನಿಮ್ಮ ಮಗುವಿನ ಶಾಲೆ ಸಂಗ್ರಹಾಲಯಕ್ಕೆ ಕರೆದರೆ, ಒಂದು ದಿನದ ಪಾಠ ಹೋಗುತ್ತದೆಂದು ತಡೆಯಬೇಡಿ. ಅದೂ ಪಾಠವೇ. ಮನೆಯ ಹಿರಿಯರು ಬರುತ್ತೇನೆ ಅಂದರೆ ಎತ್ತಿ ಕೂರಿಸಿಯಾದರೂ ಕರೆದುಕೊಂಡು ಹೋಗಿ. ನಿಜಕ್ಕೂ ಆಗದಿದ್ದರೆ ಆ ವಸ್ತುವಿನ ಚಿತ್ರವನ್ನು ಅವರ ಹಾಸಿಗೆಯ ಬಳಿಗೆ ತನ್ನಿ, ಅವರು ಹೇಳಿದ್ದನ್ನು ಫೋನಿನಲ್ಲಿ ಹಿಡಿದಿಡಿ, ಶಾಲೆಗೆ ಕೊಡಿ. ಮಗುವಿನ ಪಾಠದಲ್ಲಿ ನಿಮ್ಮ ಊರಿನ ಬಗ್ಗೆ ತಪ್ಪು ಬರೆದಿದ್ದರೆ ಟೀಚರಿಗೆ ಹೋಗಿ ಹೇಳಿ, ನಾಚಬೇಡಿ. ಮತ್ತೆ, ಮುದುಕರು ಏನಾದರೂ ಹೇಳಲು ಬಾಯಿ ತೆರೆದಾಗ, ಕೈಯಲ್ಲಿರುವ ಕೆಲಸ ಎಷ್ಟೇ ದೊಡ್ಡದಿರಲಿ, ಮಾತನ್ನು ಅರ್ಧಕ್ಕೆ ಕತ್ತರಿಸಬೇಡಿ.

ನಿಮ್ಮ ಮನೆಯಲ್ಲಿ ಅವರು ಇನ್ನೂ ಮಾತಾಡುತ್ತಿದ್ದಾರೆ ತಾನೇ? ಈ ಹಾಳೆ ಕೆಳಗಿಟ್ಟು, ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ.