ನಾಲ್ಕನೇ ಲೆಕ್ಕ

"ನಾಲ್ಕು ನಾಲ್ಕು ಜನ ಗುಂಪಾಗಿ ನಿಂತ್ಕೊಳ್ಳಿ, ಬೇಗ," ಎಂದು ಟೀಚರು ಕೈ ತಟ್ಟಿದರು. ಮೂರನೇ ಕ್ಲಾಸಿನ ಮಕ್ಕಳು ಬೆಂಚುಗಳನ್ನು ದಬದಬ ತಳ್ಳಿ, ಒಬ್ಬರನ್ನೊಬ್ಬರು ಎಳೆದಾಡಿ ಗೋಡೆಯುದ್ದಕ್ಕೂ ಗುಂಪು ಕಟ್ಟಿದರು. ಅಷ್ಟರಲ್ಲಿ ಟೀಚರು ಬೋರ್ಡಿನ ಮೇಲೆ ೨೪ ÷ ೪ = ೬ ಎಂದು ಬರೆದಾಗಿತ್ತು. ರಜೆಗೆ ಮೊದಲೇ ಸಿದ್ಧಮಾಡಿಟ್ಟ ಪಾಠ ಅದು. ಇವತ್ತು ಪುಸ್ತಕ ತೆರೆದು, ಅಲ್ಲಿದ್ದದ್ದನ್ನು ಇದ್ದ ಹಾಗೇ ಶುರುಮಾಡಿದ್ದರು.

"ಟೀಚರ್, ನಮ್ಮಲ್ಲಿ ಮೂರೇ ಜನ."

ತಿರುಗಿ ನೋಡಿದರು. ಬಾಗಿಲ ಬಳಿ ಮೂವರು ಹುಡುಗಿಯರು, ನಾಲ್ಕನೆಯವಳಿಗೆ ಜಾಗ ಬಿಟ್ಟೇ ನಿಂತಿದ್ದರು.

ಆ ನಾಲ್ಕನೆಯವಳು ರಜೆಯಲ್ಲಿ ಜ್ವರ ಬಂದು ಐದೇ ದಿನಕ್ಕೆ ತೀರಿಕೊಂಡಿದ್ದಳು. ಒಂದು ನಿಮಿಷ ಕೂತಲ್ಲಿ ಕೂರದ ಹುಡುಗಿ. ಟೀಚರು ಅವಳನ್ನು ಮಿಡತೆ ಎಂದೇ ಕರೆಯುತ್ತಿದ್ದರು. ಸುದ್ದಿ ಫೋನಿನಲ್ಲಿ ಬಂದಾಗ ಒಗೆದ ಬಟ್ಟೆ ಮಡಿಸುತ್ತಿದ್ದರು. "ಹೌದಾ" ಎಂದಷ್ಟೇ ಹೇಳಿ, ಉಳಿದ ಬಟ್ಟೆಗಳನ್ನೂ ಮಡಿಸಿಟ್ಟರು. ಆಮೇಲೂ ಅಳು ಬರಲಿಲ್ಲ. ಶಾಲೆ ತೆರೆದ ದಿನ ಹೆಡ್‌ಮಿಸ್ಸು, "ಕ್ಲಾಸಲ್ಲಿ ಆ ವಿಷಯ ಎತ್ಬೇಡಿ, ಮಕ್ಕಳು ಹೆದರ್ಕೊಳ್ತಾವೆ" ಎಂದಾಗ ತಲೆಯಾಡಿಸಿದ್ದರು. ಅದೇ ಸಲೀಸು ಅನ್ನಿಸಿತ್ತು. ಹಾಜರಿ ಕೂಗುವಾಗ ಆ ಒಂದು ಸಾಲು ದಾಟಿ ಮುಂದಿನದಕ್ಕೆ ಹೋಗುವುದು ಮೂರೇ ದಿನದಲ್ಲಿ ನಾಲಿಗೆಗೆ ರೂಢಿಯಾಗಿತ್ತು.

"ಬೋರ್ಡಲ್ಲಿ ಇಪ್ಪತ್ಮೂರು ಅಂತ ಬರೀಬೇಕು ಟೀಚರ್," ಎಂದ ಮುಂದಿನ ಗುಂಪಿನವನೊಬ್ಬ.

ಅಳಿಸಿ ಬರೆದರು. "ನಾಲ್ಕು ಜನರ ಗುಂಪು ಎಷ್ಟಾಯ್ತು? ಐದು. ಮಿಕ್ಕೋರು ಮೂರು. ಹೀಗೆ ಮಿಕ್ಕಿದ್ದನ್ನ ಶೇಷ ಅಂತೀವಿ." ದನಿ ತನ್ನ ಪಾಡಿಗೆ ತಾನು ಓಡುತ್ತಿತ್ತು.

"ನಾವು ಮಿಕ್ಕೋರಲ್ಲ," ಎಂದಳು ಆ ಮೂವರಲ್ಲಿ ಒಬ್ಬಳು. ಬಾಯಿಬಡುಕಿ, ಕ್ಲಾಸಿಗೆಲ್ಲ ಅವಳು ಪಟಾಕಿ. "ನಮ್ದೂ ಗುಂಪೇ. ಅವಳೊಬ್ಳು ಬಂದಿಲ್ಲ, ಅಷ್ಟೆ."

"ಬರಲ್ಲ ಕಣೇ, ಸತ್ತೋದ್ಲಲ್ಲ," ಎಂದಿತು ಹಿಂದಿನಿಂದ ಒಂದು ದನಿ.

"ನಂಗೊತ್ತು!" ಪಟಾಕಿ ಕಿರುಚಿದಳು. "ಟೀಚರಿಗೇ ಗೊತ್ತಿಲ್ಲ. ಅವಳ ಹೆಸರೇ ಕೂಗಲ್ಲ ಅವರು."

ಟೀಚರು ಚಾಕನ್ನು ಮೇಜಿನ ಮೇಲಿಟ್ಟರು. "ಕೂತ್ಕೊಳ್ಳಿ" ಎಂದರು. ಬೆಂಚುಗಳು ಮತ್ತೆ ಸದ್ದು ಮಾಡಿದವು.

ಸಂಜೆ ಬೀರುವಿನಿಂದ ತಿದ್ದದೆ ಉಳಿದಿದ್ದ ನೋಟ್‌ಬುಕ್ಕುಗಳನ್ನು ತೆಗೆದಾಗ ಮಿಡತೆಯದೂ ಸಿಕ್ಕಿತು. ಬ್ಯಾಗಿಗೆ ಹಾಕಿಕೊಂಡು, ಬಸ್ಸಿಳಿದು, ಅವಳ ಮನೆ ಕೇಳಿಕೊಂಡು ಹೋದರು. ಎರಡನೇ ಮಹಡಿ. ಬಾಗಿಲು ತೆರೆದ ತಾಯಿಯ ಕೊರಳಲ್ಲಿ ಅಳತೆಪಟ್ಟಿ ಜೋತಾಡುತ್ತಿತ್ತು; ಒಳಗೆ ಹೊಲಿಗೆಯಂತ್ರದ ಮೇಲೆ ಯಾರದೋ ಅರೆ ಹೊಲಿದ ಅಂಗಿ.

"ಮಿಡತೆಯ... ಅವಳ ನೋಟ್‌ಬುಕ್ಕು. ಕೊಟ್ಟು ಹೋಗೋಣ ಅಂತ ಬಂದೆ."

ತಾಯಿ ಕೊನೆಯ ಪುಟ ತಿರುವಿ ನೋಡಿದರು. "ಇದು ತಿದ್ದೇ ಇಲ್ವಲ್ಲ ಟೀಚರಮ್ಮ."

"ಇಲ್ಲ."

"ತಿದ್ದಿಕೊಡಿ." ಒಳಗೆ ಕರೆದು, ಯಂತ್ರದ ಮೇಲಿನ ಅಂಗಿಯನ್ನು ಸರಿಸಿ ಜಾಗ ಮಾಡಿದರು.

ಟೀಚರು ಕೂತು ಕೆಂಪು ಪೆನ್ನು ತೆಗೆದರು. ಇದ್ದದ್ದು ನಾಲ್ಕು ಲೆಕ್ಕ. ಮೂರು ಸರಿ. ನಾಲ್ಕನೆಯದು ೧೮ ÷ ೩ = ೫. ಪೆನ್ನು ಒಂದು ಕ್ಷಣ ತಡೆದು, ಅದಕ್ಕೂ ಸರಿ ಗುರುತು ಹಾಕಲು ಬಾಗಿತು.

"ಸುಮ್ಸುಮ್ನೆ ರೈಟ್ ಹಾಕ್ಬೇಡಿ," ಎಂದರು ತಾಯಿ. "ನಿಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ. ತಪ್ಪಿದ್ರೆ ತಪ್ಪು ಅಂತಾನೇ ಹಾಕಿ."

ಟೀಚರು ತಪ್ಪು ಹಾಕಿದರು.

"ತಪ್ಪಾದ್ರೆ ಕೆಳಗೆ ಇನ್ನೊಂದ್ಸಲ ಮಾಡ್ಬೇಕಂತೆ. ನೀವೇ ಹೇಳಿದ್ರಂತಲ್ಲ?"

"ಹೌದು."

"ಹಂಗಾದ್ರೆ ನಂಗೆ ಹೇಳ್ಕೊಡಿ. ನಾ ಶಾಲೆಗೆ ಅಷ್ಟಾಗಿ ಹೋದೋಳಲ್ಲ."

ಟೀಚರು ಎದ್ದು ಕುರ್ಚಿ ಬಿಟ್ಟುಕೊಟ್ಟರು. "ಮೊದ್ಲು ಹದಿನೆಂಟು ಗೆರೆ ಎಳೀರಿ. ಆಮೇಲೆ ಮೂರು ಮೂರಕ್ಕೆ ಒಂದು ಸುತ್ತು ಹಾಕ್ತಾ ಹೋಗಿ."

ತಾಯಿ ಪೆನ್ಸಿಲನ್ನು ಬಿಗಿಯಾಗಿ ಹಿಡಿದು ಒಂದೊಂದೇ ಗೆರೆ ಎಳೆಯತೊಡಗಿದರು. ತುಟಿ ಅಲ್ಲಾಡುತ್ತಿತ್ತು. ಹನ್ನೊಂದಕ್ಕೋ ಹನ್ನೆರಡಕ್ಕೋ ಎಣಿಕೆ ತಪ್ಪಿತು. ಫ್ಯಾನಿನ ಗಾಳಿಗೆ ಪುಟ ಏಳುತ್ತಿತ್ತು. ಟೀಚರು ಅದರ ಅಂಚನ್ನು ಅಂಗೈಯಲ್ಲಿ ಒತ್ತಿ ಹಿಡಿದು ನಿಂತರು. ತಾಯಿ ಮೊದಲ ಗೆರೆಯ ಮೇಲೆ ಬೆರಳಿಟ್ಟು, ಮತ್ತೆ ಒಂದರಿಂದ ಎಣಿಸತೊಡಗಿದರು.