ಬಾಗಿದ ಕೊಕ್ಕಿನ ಜಮಖಾನ

ಮುನವಳ್ಳಿಯ ನೂರಬಿ ಜಮಖಾನ ನೇಯುವುದನ್ನು ತವರು ನವಲಗುಂದದಲ್ಲಿ ಅಜ್ಜಿಯ ಪಕ್ಕ ಕುಳಿತು ಕಲಿತವಳು. ನವಿಲು, ಪಗಡೆ ಹಾಸು, ತಾವರೆ, ಎಲ್ಲವೂ ನೇರ ಗೆರೆಗಳಲ್ಲಿ. 1999ರ ಬೇಸಿಗೆಯಲ್ಲಿ ಬೈಲಹೊಂಗಲದ ಫರ್ನಿಚರ್ ಅಂಗಡಿಯ ವಿರೂಪಾಕ್ಷ ಅವಳಿಗೆ ಒಂದು ಫೋಟೊ ತಂದುಕೊಟ್ಟ. ಈಜಿಪ್ಟಿನ ಹಳೆಯ ಸಮಾಧಿಯೊಂದರ ಗೋಡೆಯ ಚಿತ್ರ ಅದು: ನೀಲಿ ತಾವರೆಗಳ ನಡುವೆ ಸಾಲಾಗಿ ನಿಂತ ಬಿಳಿ ಹಕ್ಕಿಗಳು, ಕಪ್ಪು ತಲೆ, ಉದ್ದನೆಯ ಬಾಗಿದ ಕೊಕ್ಕು. ಹತ್ತಿ ವ್ಯಾಪಾರಿಗಳ ಮನೆಯ ಅನ್ನಪೂರ್ಣಾ ಎಂಬುವವರು ಪ್ರವಾಸ ಹೋದಾಗ ಅದನ್ನು ಕಂಡು ಮರುಳಾಗಿದ್ದರು. ಹೊಸ ಮನೆಯ ಪಡಸಾಲೆಗೆ ಅದೇ ಚಿತ್ರದ ಒಂಬತ್ತು ಅಡಿ ಜಮಖಾನ ಬೇಕಾಗಿತ್ತು.

ನೂರಬಿ ಮತ್ತು ಅವಳ ನಾದಿನಿ ಫಿರದೋಸ್ ಮಗ್ಗದ ಮುಂದೆ ಕುಳಿತರು. ತಾವರೆ ಸಲೀಸಾಗಿ ಬಂತು. ಕೊಕ್ಕು ಬರಲಿಲ್ಲ. ನೋಡಲು ಬಂದ ವಿರೂಪಾಕ್ಷ ತಲೆಯಾಡಿಸಿದ.

"ಇದು ಕೊಕ್ಕಲ್ಲ ನೂರಬಿ, ನಿಚ್ಚಣಿಕಿ ಆಗೇತಿ. ಹಕ್ಕಿ ಬಿಡು, ಬರೇ ತಾವರಿ ಹಾಕು. ಅನ್ನಪೂರ್ಣಾ ಬಾಯಾರಿಗೆ ನಾ ಹೇಳತೇನಿ."

"ಏನೂ ಹೇಳಬ್ಯಾಡ್ರಿ ಸಾವ್ಕಾರ್ರ. ಹಕ್ಕಿ ಬರತೈತಿ."

ಅವನು ಹೋದ ಮೇಲೆ ನೂರಬಿ ಒಂದು ಗೇಣು ನೇಯ್ಗೆಯನ್ನು ಬಿಚ್ಚಿದಳು. ಮತ್ತೆ ನೇಯ್ದಳು, ಮತ್ತೆ ಬಿಚ್ಚಿದಳು. ಫಿರದೋಸಳಿಗೆ ಅಳುವೇ ಬಂತು.

"ಭಾಬಿ, ನಮ್ಮ ನವಿಲಿನ ಕೊಕ್ಕ ಹಾಕೂಣು. ಯಾರ ನೋಡತಾರ?"

"ನಾ ನೋಡತೇನಲ್ಲ."

ಮರುದಿನ ಮುಂಜಾನೆ ನೂರಬಿ ಫೋಟೊ ಸೆರಗಿನಲ್ಲಿ ಸುತ್ತಿಕೊಂಡು ನವಿಲುತೀರ್ಥಕ್ಕೆ ಹೊರಟಳು. ಅಲ್ಲಿನ ಅಣೆಕಟ್ಟಿನ ಹಿನ್ನೀರಿನಲ್ಲಿ ಅಂಥವೇ ಕಪ್ಪು ತಲೆಯ ಹಕ್ಕಿಗಳು ಕೆಸರು ಕೆದಕುತ್ತಿದ್ದವು. ಮದುವೆಯಾಗಿ ಬಂದಾಗಿನಿಂದ ಎಷ್ಟೋ ಸಲ ಕಂಡಿದ್ದಳು. ನಿಂತು ನೋಡಿದ್ದು ಅಂದೇ. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಗೊತ್ತಾಯಿತು. ಕೊಕ್ಕು ಒಮ್ಮೆಗೇ ಬಾಗುವುದಿಲ್ಲ. ಬುಡದಲ್ಲಿ ಹೆಚ್ಚುಕಡಿಮೆ ನೆಟ್ಟಗಿದ್ದು, ಆಮೇಲೆ ಕೂದಲೆಳೆಯಷ್ಟಷ್ಟೇ ಇಳಿಯುತ್ತದೆ. ಸಮಾಧಿಯ ಗೋಡೆಯ ಮೇಲೆ ಬರೆದವನಿಗೂ ಅದು ತಿಳಿದಿತ್ತು. ಆದರೆ ನೂರಬಿಯ ದಪ್ಪ ನೂಲಿಗೆ ಅಷ್ಟು ಸಣ್ಣಗೆ ಇಳಿಯಲು ಬರುವುದಿಲ್ಲ.

ಮನೆಗೆ ಬಂದವಳೇ ಕತ್ತರಿ ತೆಗೆದುಕೊಂಡು, ಮೂರು ತಿಂಗಳು ನೇಯ್ದದ್ದನ್ನು ಮಗ್ಗದಿಂದ ಕತ್ತರಿಸಿ ಇಳಿಸಿದಳು.

"ಹುಚ್ಚ ಹಿಡದೈತೇನ ನಿನಗ?" ಫಿರದೋಸ್ ಚೀರಿದಳು.

"ಸಣ್ಣ ನೂಲ ಹಾಕೂಣು. ಮೊದಲಿಂದ."

ಫಿರದೋಸ್ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಾನಾಗಿಯೇ ಬಂದು ನೂಲಿನ ಉಂಡೆ ಎತ್ತಿಕೊಂಡಳು. ಸಣ್ಣ ನೂಲಿನಲ್ಲಿ ದಿನಕ್ಕೆ ಒಂದು ಬೆರಳು ಮುಂದೆ ಹೋದರೆ ಹೆಚ್ಚು. ವಿರೂಪಾಕ್ಷ ಮೂರು ಸಲ ಬಂದು ಕೂಗಾಡಿ ಹೋದ. ನೂರಬಿಯ ಬೆರಳ ತುದಿಗಳು ಒಡೆದವು; ಬಟ್ಟೆ ಸುತ್ತಿಕೊಂಡು ನೇಯ್ದಳು. ಮೊದಲ ಹಕ್ಕಿಯ ಕೊಕ್ಕು ಮುಗಿದ ದಿನ ಇಬ್ಬರೂ ಹಿಂದೆ ಸರಿದು ನಿಂತು ನೋಡಿದರು. ಫಿರದೋಸ್ ನಕ್ಕುಬಿಟ್ಟಳು. ನೂರಬಿ ಎರಡನೆಯ ಹಕ್ಕಿಗೆ ಕೈ ಹಾಕಿದಳು.

ಹೇಳಿದ ದಿನಕ್ಕಿಂತ ಐದು ತಿಂಗಳು ತಡವಾಗಿ, ಸಂಕ್ರಮಣ ಕಳೆದ ಮೇಲೆ ಅನ್ನಪೂರ್ಣಾ ತಾವೇ ಕಾರು ಮಾಡಿಕೊಂಡು ಬಂದರು. ಅಂಗಳದಲ್ಲಿ ಹಾಸಿದ ಜಮಖಾನದ ಮೇಲೆ ಹನ್ನೆರಡು ಹಕ್ಕಿಗಳು ತಾವರೆಗಳ ನಡುವೆ ನಿಂತಿದ್ದವು. ಅವರು ಸುತ್ತಲೂ ಒಂದು ಸುತ್ತು ಹಾಕಿದರು. ಕೆಳಗೆ ಕುಳಿತು ಒಂದು ಕೊಕ್ಕಿನ ಮೇಲೆ ಬೆರಳಾಡಿಸಿದರು.

"ನೂರಬಿ, ಇದರ ಮ್ಯಾಲೆ ಕಾಲಿಡಾಕ ಮನಸ ಬರವಲ್ದು. ಗ್ವಾಡಿಗೆ ಹಾಕತೇನಿ."

"ಬ್ಯಾಡ್ರಿ ಬಾಯಾರ," ಎಂದಳು ನೂರಬಿ. "ತುಳಿಯಾಕ ಅಂತನ ಗಟ್ಟಿ ನೇದೇನಿ. ತುಳೀರಿ."

ಅನ್ನಪೂರ್ಣಾ ಚಪ್ಪಲಿ ಬಿಟ್ಟು ಜಮಖಾನದ ಮೇಲೆ ಕಾಲಿಟ್ಟರು.