ತಣ್ಣಗಿದ್ದಾಗ ಒಳ್ಳೆಯವನು

ನಾನು ಒಂದು ಗೇರ್ ಪೆಟ್ಟಿಗೆ. ಗೇರುಬೀಜದ ಊರಾದ ಮಂಗಳೂರಿನಲ್ಲಿ ಹೀಗೆಂದರೆ ನಿಮ್ಮ ಬಾಯಲ್ಲಿ ನೀರೂರಬಹುದು. ಆದರೆ ನಾನು ತಿನ್ನುವ ಜಾತಿಯವನಲ್ಲ, ಕಾರಿನ ಹೊಟ್ಟೆಯಡಿ ಕೂತು ತನ್ನಷ್ಟಕ್ಕೆ ಗೇರು ಬದಲಿಸುವ ಆಟೋಮ್ಯಾಟಿಕ್. ಒತ್ತಲು ಕ್ಲಚ್ ಪೆಡಲ್ ಇಲ್ಲ, ಆದ್ದರಿಂದ ಓಡಿಸುವವರ ಎಡಗಾಲಿಗೆ ರಜೆ.

ಹುಟ್ಟಿದ್ದು ಸಮುದ್ರದಾಚೆಯ ಕಾರ್ಖಾನೆಯಲ್ಲಿ. ಹೊಟ್ಟೆ ತುಂಬ ಕೆಂಪೆಣ್ಣೆ ಕುಡಿಸಿ ಹಡಗು ಹತ್ತಿಸಿದರು. ಮೊದಲ ಧಣಿ ಕಣ್ಣಿನ ಡಾಕ್ಟರು. ನನ್ನನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು. ಎರಡನೆಯವರು ಮದುವೆ ಹಾಲಿನ ಮಾಲೀಕರು. ಕಾರು ಹಿಂದೆ ಹೋಗುತ್ತಿರುವಾಗಲೇ ಗೇರಿನ ಹಿಡಿಯನ್ನು ಮುಂದಕ್ಕೆ ಹೋಗುವ ಗೇರಿಗೆ ಎಳೆಯುವ ಅವಸರ ಅವರದು. ನನ್ನ ಎಣ್ಣೆ ಬದಲಿಸಿದ್ದು ನೆನಪಿಲ್ಲ.

ಮೂರನೆಯವರು ವಾರಿಜಾಕ್ಷಿ ಟೀಚರ್. ಸಣ್ಣಂದಿನ ಪೋಲಿಯೊದಿಂದ ಅವರ ಎಡಗಾಲಿಗೆ ಬಲವಿಲ್ಲ. ನಲವತ್ತಮೂರನೇ ವಯಸ್ಸಿನವರೆಗೆ ಯಾರದೋ ಸ್ಕೂಟರಿನ ಹಿಂದೆ ಕೂತೇ ಶಾಲೆಗೆ ಹೋದವರು. ನಾನು ಬಂದ ಮೇಲೆ, ಮೊದಲ ಸಲ, ತಾವೇ ಓಡಿಸಿಕೊಂಡು ಹೊರಟರು. ಆ ಬೆಳಿಗ್ಗೆ ಕನ್ನಡಿಯಲ್ಲಿ ಮೂರು ಸಲ ಮುಖ ನೋಡಿಕೊಂಡರು.

ಇನ್ನು ನನ್ನ ಮಾನ ಹೋದ ಕಥೆ.

ನನ್ನ ಒಂದು ಪೈಪಿನ ಸಂದಿಯಿಂದ ಎಣ್ಣೆ ಸೋರತೊಡಗಿತು. ತಣ್ಣಗಿರುವಾಗ ಏನೂ ಇಲ್ಲ. ಇಪ್ಪತ್ತು ನಿಮಿಷ ಓಡಿ ಬಿಸಿಯಾದರೆ ಎಣ್ಣೆ ಸಾಲದೆ, ಚಕ್ರಕ್ಕೆ ಬಲ ದಾಟಿಸುವ ಒಳಗಿನ ಬಿಲ್ಲೆಗಳು ಹಿಡಿತ ಬಿಡುತ್ತಿದ್ದವು. ಒಂದು ಸಂಜೆ ಏರಿನ ಮಧ್ಯೆ ಇಂಜಿನ್ 'ವ್ರೂಂ' ಎಂದು ಕೂಗಿತು, ನಾನು 'ಊಹೂಂ' ಎಂದೆ. ಕಾರು ಹಿಂದಕ್ಕೆ ಜಾರಿ ಒಂದು ರಿಕ್ಷಾಕ್ಕೆ ಮುತ್ತಿಟ್ಟಿತು. ರಿಕ್ಷಾದವ ಇಳಿದು ಬಂದು, "ಅಕ್ಕ, ಮುಂದೆ ಹೋಗ್ಲಿಕ್ಕೆ ಬಲಬದಿಯದ್ದು ಒತ್ತುವುದು," ಎಂದ. ನೆರೆದವರು ನಕ್ಕರು. ಟೀಚರ್ ಕ್ಷಮೆ ಕೇಳಿದರು. ತಪ್ಪು ನನ್ನದು, ಕ್ಷಮೆ ಅವರದು.

ಅವರ ಗಂಡ ಜಯಂತ ಮಾರನೆಯ ಬೆಳಿಗ್ಗೆ ಪಕ್ಕದ ಗ್ಯಾರೇಜಿನ ಪದ್ದಣ್ಣನನ್ನು ಕರೆತಂದರು. ಪದ್ದಣ್ಣ ಇಂಜಿನ್ ಎಣ್ಣೆ ನೋಡುವ ಹಾಗೆಯೇ, ಬಂಡಿ ಆಫ್ ಇದ್ದಾಗ, ತಣ್ಣಗಿದ್ದಾಗ, ನನ್ನ ಅಳತೆಕಡ್ಡಿ ಎಳೆದ. ಇಂಜಿನ್ ನಿಂತಾಗ ನನ್ನ ಎಣ್ಣೆಯೆಲ್ಲ ತಳಕ್ಕಿಳಿದು ಕಡ್ಡಿಗೆ ಭರ್ತಿ ಎಂದು ಸುಳ್ಳು ಹೇಳುತ್ತದೆ. ಆಮೇಲೆ ಐದು ನಿಮಿಷ ಒಂದು ಸುತ್ತು ಓಡಿಸಿದ. ನಾನು ಮಾವನ ಮನೆಗೆ ಬಂದ ಹೊಸ ಅಳಿಯನಂತೆ ನಡೆದುಕೊಂಡೆ.

"ಬಂಡಿ ಫಸ್ಟ್ ಕ್ಲಾಸ್ ಉಂಟು ಜಯಂತಣ್ಣ. ಟೀಚರ್ ಬ್ರೇಕಿನ ಮೇಲೆ ಕಾಲಿಟ್ಟೇ ಓಡಿಸ್ತಾರೆ ಕಾಣ್ತದೆ," ಎಂದ ಪದ್ದಣ್ಣ.

ಹೀಗೆ ಹನ್ನೊಂದು ತಿಂಗಳು. ಪ್ರತಿ ಸಲ ನಾನು ಜಾರಿದೆ, ಟೀಚರ್ ಬೈಸಿಕೊಂಡರು. ಕಾರು ಮಾರುವ, ನಿನಗೆ ಇದು ಆಗುವುದಲ್ಲ, ಎಂದು ಜಯಂತ ಮೆಲ್ಲಗೇ ಹೇಳುತ್ತಿದ್ದರು. ಕೊನೆಕೊನೆಗೆ ಏರು ಕಂಡರೆ ಟೀಚರ್ ಸುತ್ತುದಾರಿ ಹಿಡಿಯುತ್ತಿದ್ದರು. ತಮ್ಮ ಕಾಲನ್ನು ಅವರೇ ನಂಬದ ಹಾಗೆ ಮಾಡಿದೆ.

ಕಡೆಗೆ ಅವರು ಯಾರಿಗೂ ಹೇಳದೆ, ಗಲ್ಫಿನಲ್ಲಿ ಇಂಥ ಗಾಡಿಗಳನ್ನೇ ರಿಪೇರಿ ಮಾಡಿ ಬಂದ ಹಸನಾಕನ ಗ್ಯಾರೇಜಿಗೆ ಹೋದರು. ಹಸನಾಕ ಕೂಡಲೇ ಬಾನೆಟ್ ಎತ್ತಲಿಲ್ಲ. ಮೊದಲು ಕೇಳಿದ್ದು, ಇದು ಆಗುವುದು ಯಾವಾಗ ಎಂದು. ಅಷ್ಟು ತಿಂಗಳಲ್ಲಿ ಅವರನ್ನು ಯಾರೂ ಅದನ್ನು ಕೇಳಿರಲಿಲ್ಲ. ಬಿಸಿಯಾದ ಮೇಲೆ, ಎಂದರು ಟೀಚರ್.

ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ಗಂಟೆ ಓಡಿಸಿದ. ಇಂಜಿನ್ ನಿಲ್ಲಿಸದೆ, ಬ್ರೇಕ್ ಒತ್ತಿ, ಹಿಡಿಯನ್ನು ಎಲ್ಲ ಜಾಗಕ್ಕೂ ಆಡಿಸಿ ಕಡ್ಡಿ ಎಳೆದ. ತುದಿಯಷ್ಟೇ ಒದ್ದೆ. ಕೆಂಪಿರಬೇಕಾದದ್ದು ಡಿಕಾಕ್ಷನ್ ಬಣ್ಣ, ಕರಟಿದ ವಾಸನೆ. ಅಡಗಲು ನನಗೆ ಜಾಗವಿರಲಿಲ್ಲ.

"ಟೀಚರೇ, ಇದು ನಿಮ್ಮ ಕಾಲಿನದ್ದಲ್ಲ. ಪೆಟ್ಟಿಗೆಯದ್ದು."

ಟೀಚರ್ ಮೊಬೈಲ್ ಹೊರಗೆ ತೆಗೆದರು. "ಇದನ್ನೇ ಒಮ್ಮೆ ನಮ್ಮವರ ಹತ್ತಿರ ಹೇಳ್ತೀರಾ?"

ಹಸನಾಕ ಹೇಳಿದ. ಆ ಕಡೆಯಿಂದ ಜಯಂತ, ಹಾಗಾದರೆ ಮಾರುವುದಾ ಎಂದರು.

"ಇಲ್ಲ," ಎಂದರು ಟೀಚರ್. "ಪೆಟ್ಟಿಗೆ ಬದಲಿಸುವುದು."

ಈಗ ನಾನು ಹಸನಾಕನ ಬೆಂಚಿನ ಮೇಲೆ ಬಿಚ್ಚಿ ಹರಡಿಕೊಂಡಿದ್ದೇನೆ. ಬಂದವರಿಗೆಲ್ಲ ನನ್ನ ಸುಟ್ಟ ಬಿಲ್ಲೆ ತೋರಿಸುತ್ತಾನೆ. ಅದರ ಬಗ್ಗೆ ನನಗೆ ನಾಚಿಕೆಯಿಲ್ಲ; ಯಂತ್ರ ಸವೆಯುವುದೇ. ನಾಚಿಕೆ ಆ ಬೆಳಿಗ್ಗೆ ಪದ್ದಣ್ಣನ ಮುಂದೆ ಸಾಚಾ ಆಗಿ ಓಡಿದ್ದಕ್ಕೆ.

ಮೊನ್ನೆ ಟೀಚರ್ ಬಂದಿದ್ದರು. ಬೆಂಚಿನ ಹತ್ತಿರ ನಿಂತು, ಕರಿಬಿಲ್ಲೆಯೊಂದನ್ನು ಬೆರಳಲ್ಲಿ ಸವರಿ, "ಪಾಪ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.